ಪಂಚಾಂಗದ ಕೊನೆಯ ಪುಟದಲ್ಲಿದ್ದ ಪಿನ್

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಿಂದ ತಂದೆ, ತಾಯಿ ಮತ್ತು ಎಂಟನೇ ತರಗತಿಯ ಮಗ ಆಪ್ತಸಲಹೆಗಾಗಿ ನನ್ನ ಬಳಿ ಬಂದಾಗ ಅಪ್ಪ-ಮಗನ ನಡುವೆ ಮಾತು ನಿಂತು ನಾಲ್ಕು ದಿನಗಳಾಗಿದ್ದವು. ಗುರುತು ಸಿಗದಿರಲೆಂದು ಊರು, ಉದ್ಯೋಗ ಮತ್ತು ಮೊತ್ತವನ್ನು ಇಲ್ಲಿ ತುಸು ಬದಲಿಸಿದ್ದೇನೆ. ಅಜ್ಜಿಯ ಖಾತೆಯಿಂದ ಎರಡು ತಿಂಗಳಲ್ಲಿ ₹11,400 ಹೋಗಿತ್ತು. ಹಾಲಿನ ಡೇರಿಯಿಂದ ಜಮೆಯಾಗುತ್ತಿದ್ದ ಆ ಹಣವನ್ನು ಹುಡುಗ ಅಜ್ಜಿಯ ಫೋನಿನಿಂದಲೇ ಯುಪಿಐ ಮೂಲಕ ಕಳುಹಿಸಿ, ಬ್ಯಾಂಕಿನ ಸಂದೇಶಗಳನ್ನು ಅಳಿಸಿಹಾಕಿದ್ದ. ಪಿನ್ ಹೇಗೆ ಸಿಕ್ಕಿತೆಂದು ಹುಡುಕುವ ಅಗತ್ಯವೇ ಇರಲಿಲ್ಲ. ಮರೆತುಹೋದೀತೆಂದು ಅಜ್ಜಿ ಅದನ್ನು ಗೋಡೆಗೆ ನೇತುಹಾಕಿದ್ದ ಪಂಚಾಂಗದ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು. ವಿಷಯ ತಿಳಿದ ದಿನ ತಂದೆ ಮಗನಿಗೆ ಹೊಡೆದು, ಫೋನನ್ನು ಗೋಡೆಗೆ ಎಸೆದಿದ್ದರು.

"ಗೇಮಿನ ಚಟ ಮೇಡಂ, ಹೇಗಾದರೂ ಬಿಡಿಸಿ" ಎಂದು ತಂದೆ ಮಾತು ಆರಂಭಿಸಿದರು. ಆ ಆಟದ ಹೆಸರೇನೆಂದು ಕೇಳಿದೆ. ಇಬ್ಬರಿಗೂ ಗೊತ್ತಿರಲಿಲ್ಲ.

ಹುಡುಗನೊಡನೆ ಪ್ರತ್ಯೇಕವಾಗಿ ಮಾತನಾಡಿದಾಗ ಚಿತ್ರ ಬದಲಾಯಿತು. ನಾಲ್ವರು ತಂಡವಾಗಿ ಆಡುವ ಆಟದಲ್ಲಿ ಪರಿಚಯವಾಗಿದ್ದ ಅಪರಿಚಿತನೊಬ್ಬ ಕಡಿಮೆ ಬೆಲೆಗೆ 'ಡೈಮಂಡ್', ಅಂದರೆ ಆಟದೊಳಗಿನ ಖರೀದಿಗೆ ಬಳಸುವ ನಾಣ್ಯ, ಹಾಕಿಸಿಕೊಡುವುದಾಗಿ ಹೇಳಿದ್ದ. ಅವನನ್ನು ಹುಡುಗ ಕೊನೆಯವರೆಗೂ 'ಅಣ್ಣ' ಎಂದೇ ಕರೆಯುತ್ತಿದ್ದ. ಮೊದಲ ₹300ಕ್ಕೆ ಏನೂ ಬರಲಿಲ್ಲ. ಅದನ್ನು ವಾಪಸು ಪಡೆಯಲು ಇನ್ನೊಂದಿಷ್ಟು ಕಳುಹಿಸಬೇಕೆಂಬ ಮಾತಿಗೆ ಮರುಳಾಗಿ ಮತ್ತೆ ಮತ್ತೆ ಕಳುಹಿಸಿದ. ಇನ್ನು ಸಾಧ್ಯವಿಲ್ಲವೆಂದಾಗ, "ನಿಮ್ಮಪ್ಪನಿಗೆ ಹೇಳ್ತೀನಿ" ಎಂಬ ಸಂದೇಶ ಬಂದಿತ್ತು. ಅಲ್ಲಿಂದ ಮುಂದೆ ಹೋದ ಸುಮಾರು ₹7,000 ಆಟಕ್ಕಾಗಿ ಹೋದದ್ದಲ್ಲ, ಅಪ್ಪನ ಭಯಕ್ಕೆ ಹೋದದ್ದು. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೂ, ಊಟಕ್ಕೆ ತಡವಾದರೂ "ಫೋನ್ ಒಡೆದುಹಾಕ್ತೀನಿ" ಎನ್ನುವುದು ಆ ಮನೆಯ ರೂಢಿಯಾಗಿತ್ತು. ವಂಚಕನ ಬಂಡವಾಳ ಅದೇ.

ಇದು ಚಟವೇ ಎಂಬ ತಾಯಿಯ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಗೇಮಿಂಗ್ ವ್ಯಸನಕ್ಕೆ ಸ್ಥಾನವಿದೆ. ಆದರೆ ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ 12 ತಿಂಗಳ ಕಾಲ ಕಾಣಿಸಿಕೊಂಡಿರಬೇಕು. ಈ ಹುಡುಗ ಸಂಜೆ ಕಬಡ್ಡಿಗೆ ಹೋಗುತ್ತಿದ್ದ, ರಾತ್ರಿ ನಿದ್ರಿಸುತ್ತಿದ್ದ, ಶಾಲೆ ತಪ್ಪಿಸಿರಲಿಲ್ಲ. ಲಕ್ಷಣಗಳು ಇದ್ದಿದ್ದರೆ, 2014ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನಡೆಯುತ್ತಿರುವ 'ಶಟ್' ಕ್ಲಿನಿಕ್ಕಿಗೆ ಕಳುಹಿಸುತ್ತಿದ್ದೆ. ಮಗನ ಮನಸ್ಸು ಕುಸಿದಂತೆ ಕಂಡರೆ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡುವಂತೆ ತಾಯಿಗೆ ಬರೆದುಕೊಟ್ಟೆ.

ಮೊದಲ ಸಲಹೆ ಹಣದ ಬಗ್ಗೆಯಾಗಿತ್ತು. ಪರದೆ ಬಿರುಕು ಬಿಟ್ಟಿದ್ದರೂ ಫೋನ್ ಬದುಕಿತ್ತು. ಅದರಲ್ಲಿದ್ದ ಮಾತುಕತೆಯಲ್ಲಿ ಒಂದಕ್ಷರವನ್ನೂ ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಅಂದೇ ದೂರು ಕೊಟ್ಟು, ಬ್ಯಾಂಕಿಗೂ ತಿಳಿಸುವಂತೆ ಹೇಳಿದೆ. ಮೊದಲ ₹300 ಹೋದ ದಿನವೇ ಮಗ ಬಾಯಿ ಬಿಟ್ಟಿದ್ದರೆ ಉಳಿದದ್ದು ಹೋಗುತ್ತಲೇ ಇರಲಿಲ್ಲ ಎಂಬುದನ್ನೂ ತಂದೆಗೆ ಅಲ್ಲೇ ಹೇಳಿದೆ. ಫ್ಯಾಮಿಲಿ ಲಿಂಕ್‌ನಂಥ ಆ್ಯಪ್ ಹಾಕಿಸಿದರೆ ಸಾಕೇ ಎಂದು ಅವರು ಕೇಳಿದರು. ಆಟದೊಳಗಿನ ಖರೀದಿಗೆ ಹಿರಿಯರ ಒಪ್ಪಿಗೆ ಕೇಳುವುದಕ್ಕೂ ಪರದೆಯ ಸಮಯಕ್ಕೆ ಮಿತಿ ಹಾಕುವುದಕ್ಕೂ ಅದು ಉಪಯುಕ್ತವೇ, ಹಾಕಿಸಿ ಎಂದೆ. ಆದರೆ ಇಲ್ಲಿ ಹಣ ಒಬ್ಬ ಮನುಷ್ಯನ ಖಾತೆಗೆ ನೇರವಾಗಿ ಹೋಗಿದ್ದರಿಂದ ಅದು ಇದನ್ನು ತಡೆಯುತ್ತಿರಲಿಲ್ಲ.

ಎರಡನೆಯ ಸಲಹೆಯನ್ನು ಒಪ್ಪಿಕೊಳ್ಳಲು ತಂದೆಗೆ ಕಷ್ಟವಾಯಿತು. ಇಂಟರ್ನೆಟ್‌ನಲ್ಲಿ ಆದ ಯಾವುದೇ ಎಡವಟ್ಟನ್ನು ಮಗ ತಾನಾಗಿ ಬಂದು ಹೇಳಿದರೆ, ಹೇಳಿದ ಕಾರಣಕ್ಕೆ ಫೋನ್ ಕಿತ್ತುಕೊಳ್ಳುವುದಿಲ್ಲ, ಕೈ ಎತ್ತುವುದಿಲ್ಲ ಎಂದು ಮಗನ ಎದುರಿಗೇ ಮಾತು ಕೊಡಬೇಕೆಂದೆ. "ಹಾಗಾದರೆ ಶಿಕ್ಷೆಯೇ ಬೇಡವೇ?" ಎಂದರು. ಹೊಣೆ ಬೇರೆ, ಹೆದರಿಕೆ ಬೇರೆ ಎಂದು ವಿವರಿಸಿದೆ. ಹಣ ಅಜ್ಜಿಯದಾದ್ದರಿಂದ ತೀರ್ಮಾನವೂ ಅಜ್ಜಿಯದೇ ಆಗಲೆಂದು ಸೂಚಿಸಿದೆ. ದಿನಾ ಬೆಳಿಗ್ಗೆ ಹಾಲಿನ ಕ್ಯಾನನ್ನು ಡೇರಿಗೆ ಹೊತ್ತೊಯ್ಯುವುದು ಅವನ ಪಾಲಿಗೆ ಬಂತು. ಪಿನ್ ಬದಲಾಯಿತು, ಪಂಚಾಂಗದ ಪುಟವನ್ನು ಹರಿದುಹಾಕಲಾಯಿತು. ರಾತ್ರಿ ಒಂಬತ್ತೂವರೆಯ ನಂತರ ಮನೆಯ ಎಲ್ಲ ಫೋನುಗಳೂ ನಡುಮನೆಯಲ್ಲೇ ಚಾರ್ಜಿಗೆ ಇರಬೇಕೆಂಬ ನಿಯಮವೂ ಆಯಿತು. ಎಲ್ಲ ಎಂದರೆ ತಂದೆಯದೂ ಸೇರಿ. ಊಟದ ತಟ್ಟೆಯ ಪಕ್ಕದಲ್ಲಿ ರೀಲ್ಸ್ ಓಡಿಸುವ ಅಭ್ಯಾಸ ಅವರಿಗೇ ಇತ್ತೆಂಬುದನ್ನು ತಾಯಿ ಅಳುಕುತ್ತಲೇ ಹೇಳಿದ್ದರು.

ಐದು ವಾರಗಳ ನಂತರದ ಭೇಟಿಯ ಹೊತ್ತಿಗೂ ಹಣ ವಾಪಸು ಬಂದಿರಲಿಲ್ಲ. ಹಿಂದಿನ ವಾರ ಬೇರೊಂದು ಸಂಖ್ಯೆಯಿಂದ ಮತ್ತೆ ಬೆದರಿಕೆಯ ಸಂದೇಶ ಬಂದಾಗ ಹುಡುಗ ಫೋನ್ ಹಿಡಿದು ನೇರವಾಗಿ ತಂದೆಯ ಹಾರ್ಡ್‌ವೇರ್ ಅಂಗಡಿಗೇ ಹೋಗಿದ್ದ. ಮೊಳೆ ತೂಗುತ್ತಿದ್ದ ತಂದೆ ಗಿರಾಕಿಗೆ ತುಸು ಕಾಯುವಂತೆ ಹೇಳಿ, ಕನ್ನಡಕ ಹಾಕಿಕೊಂಡು, ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರಂತೆ.