ಕೆಎಎಸ್‌ಗೆ ಎಷ್ಟು ದಿನ ಓದಬೇಕು? ಕೆಲಸ ಬಿಡಬೇಕಾ?

ಬಿ.ಕಾಂ ಮುಗಿಸಿ ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೀರಿ. ಕೆಎಎಸ್‌ಗೆ (ಕರ್ನಾಟಕ ಆಡಳಿತ ಸೇವೆಯ ಪರೀಕ್ಷೆಗೆ) ಮೊದಲಿನಿಂದ ಓದಿದರೆ ಎಷ್ಟು ಸಮಯ ಹಿಡಿಯುತ್ತದೆ, ಅದಕ್ಕೆ ಕೆಲಸ ಬಿಡಲೇಬೇಕಾ ಅಂತ ಕೇಳಿದ್ದೀರಿ. ನಾನು ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಓದಿದವನು. ಕೆಎಎಸ್ ಮೇನ್ಸ್‌ವರೆಗೂ (ಮುಖ್ಯ ಪರೀಕ್ಷೆವರೆಗೂ) ಹೋಗಿದ್ದೇನೆ, ಈಗ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ಕೆಲಸ ಮಾಡುತ್ತಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ.

ಓದಲಿಕ್ಕೆ ಒಂದರಿಂದ ಒಂದೂವರೆ ವರ್ಷ ಸಾಕು. ನೇಮಕಾತಿಯ ಆರ್ಡರ್ ಕಾಪಿ ಕೈಗೆ ಬರಲು ಎಷ್ಟು ವರ್ಷ ಅಂತ ಕೇಳಿದರೆ ಮಾತ್ರ ಲೆಕ್ಕ ಬೇರೆ. ಓದುವ ಸಮಯ, ಕಾಯುವ ಸಮಯ ಎರಡನ್ನೂ ಒಂದೇ ಖಾತೆಗೆ ಹಾಕಬೇಡಿ. ಅಕೌಂಟ್ಸ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ಐಎಎಸ್‌ನಂಥ ಕೇಂದ್ರ ಹುದ್ದೆಗಳಿಗೆ ಪರೀಕ್ಷೆ ನಡೆಸುವ ಯುಪಿಎಸ್‌ಸಿಯವರು ಮುಂದಿನ ವರ್ಷದ ಪರೀಕ್ಷೆಗಳ ಕ್ಯಾಲೆಂಡರನ್ನು ಮೊದಲೇ ಪ್ರಕಟಿಸುತ್ತಾರೆ. ಸಿವಿಲ್ ಸರ್ವೀಸಸ್ ಪರೀಕ್ಷೆ ಪ್ರತಿ ವರ್ಷ ನಡೆಯುತ್ತದೆ. ಅಲ್ಲಿ 'ಇಷ್ಟು ತಿಂಗಳು ಓದುತ್ತೇನೆ' ಅಂತ ಹೇಳಿದರೆ ಅದಕ್ಕೊಂದು ಅರ್ಥ ಇದೆ. ಕೆಎಎಸ್ ಹಾಗಲ್ಲ. 2020ರಲ್ಲಿ 106 ಹುದ್ದೆಗೆ ನೋಟಿಫಿಕೇಶನ್ ಬಂತು. ಕೊರೊನಾದಿಂದ ಪ್ರಿಲಿಮ್ಸ್ (ಪೂರ್ವಭಾವಿ ಪರೀಕ್ಷೆ) ಮುಂದಕ್ಕೆ ಹೋಗಿ ಆಗಸ್ಟ್‌ನಲ್ಲಿ ಆಯಿತು, ಮೇನ್ಸ್ 2021ರ ಫೆಬ್ರವರಿಯಲ್ಲಿ. ಅದಾದ ಮೇಲೆ ಮುಂದಿನ ನೋಟಿಫಿಕೇಶನ್ ಬಂದಿದ್ದು 2024ರ ಫೆಬ್ರವರಿಯಲ್ಲಿ, 384 ಹುದ್ದೆಗೆ. ನಡುವಿನ ನಾಲ್ಕು ವರ್ಷ 'ಮುಂದಿನ ತಿಂಗಳು ಕಾಲ್ ಆಗುತ್ತಂತೆ' ಅನ್ನುವ ಮಾತು ಕೇಳುತ್ತಾ ಕೂತವರು ಎಷ್ಟು ಜನವೋ.

ಕಾಲ್ ಆದ ಮೇಲಾದರೂ ಸಲೀಸಾಯಿತಾ ಅಂದರೆ ಅದೂ ಇಲ್ಲ. 2024ರ ಆಗಸ್ಟ್ 27ಕ್ಕೆ ಪ್ರಿಲಿಮ್ಸ್ ನಡೆಯಿತು. ಪ್ರಶ್ನೆಗಳ ಕನ್ನಡ ಅನುವಾದದಲ್ಲಿ ತಪ್ಪುಗಳಿವೆ ಅಂತ ದೊಡ್ಡ ಗಲಾಟೆ ಆಯಿತು. ಮರುಪರೀಕ್ಷೆ ಡಿಸೆಂಬರ್ 29ಕ್ಕೆ ನಡೆಯಿತು, ಆ ಪತ್ರಿಕೆಯ ಅನುವಾದದ ಬಗ್ಗೆಯೂ ದೂರು ಬಂತು. ಮೇನ್ಸ್ 2025ರ ಮೇನಲ್ಲಿ. 2011ರ ಬ್ಯಾಚಿನವರ ಕಥೆ ಇನ್ನೂ ಉದ್ದ. 362 ಜನರ ಆಯ್ಕೆ ಪಟ್ಟಿಯನ್ನು ಸರ್ಕಾರ 2014ರಲ್ಲಿ ರದ್ದು ಮಾಡಿತು. 2022ರಲ್ಲಿ ಕಾಯ್ದೆ ತಂದು ಆ ಆಯ್ಕೆಯನ್ನು ಊರ್ಜಿತಗೊಳಿಸಿದರು. ನಿಮ್ಮನ್ನು ಹೆದರಿಸಲಿಕ್ಕೆ ಇದನ್ನೆಲ್ಲ ಹೇಳುತ್ತಿಲ್ಲ. ಕೆಲಸ ಬಿಡುವ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಈಗ ಓದಿನ ವಿಷಯ. ಪ್ರಿಲಿಮ್ಸ್‌ಗೆ ಎರಡು ಪತ್ರಿಕೆ. ಎರಡರಲ್ಲೂ 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಕಾಲು ಭಾಗ ಕಳೆಯುತ್ತಾರೆ. ಯುಪಿಎಸ್‌ಸಿಯಲ್ಲಿ ಸಿಸ್ಯಾಟ್ ಅನ್ನುವ ಎರಡನೇ ಪತ್ರಿಕೆಗೆ ಶೇ 33 ಬಂದರೆ ಸಾಕು, ರ‍್ಯಾಂಕಿಗೆ ಸೇರುವುದಿಲ್ಲ. ಇಲ್ಲಿ ಎರಡನೇ ಪತ್ರಿಕೆಯ ಅಂಕವೂ ಕಟ್ ಆಫ್‌ಗೆ ಪೂರ್ತಿ ಲೆಕ್ಕ. ಆ ಪತ್ರಿಕೆಯಲ್ಲಿ ಕರ್ನಾಟಕದ ಪ್ರಚಲಿತ ವಿದ್ಯಮಾನ, ಸರ್ಕಾರದ ಯೋಜನೆಗಳು, ವಿಜ್ಞಾನ, ಪರಿಸರ, ಮೆಂಟಲ್ ಎಬಿಲಿಟಿ ಬರುತ್ತವೆ. ತುಂಬಾ ಜನ ಇತಿಹಾಸ, ಸಂವಿಧಾನ ಅಂತ ಮೊದಲ ಪತ್ರಿಕೆಯಲ್ಲೇ ಮುಳುಗಿರುತ್ತಾರೆ. ಕಾಮರ್ಸ್ ಓದಿದ ನಿಮಗೆ ಲೆಕ್ಕದ ಭಯ ಅಷ್ಟಾಗಿ ಇರಲಿಕ್ಕಿಲ್ಲ, ಮೆಂಟಲ್ ಎಬಿಲಿಟಿಯನ್ನು ದಿನಾ ಅರ್ಧ ಗಂಟೆ ಮಾಡಿ. ನಿಮ್ಮನ್ನು ಕಟ್ ಆಫ್ ದಾಟಿಸುವುದು ಅದೇ ಇರಬಹುದು.

ಮೊದಲ ನಾಲ್ಕು ತಿಂಗಳು ನಮ್ಮ ರಾಜ್ಯದ 6ರಿಂದ 10ನೇ ತರಗತಿಯ ಸಮಾಜ ಮತ್ತು ವಿಜ್ಞಾನ ಪುಸ್ತಕಗಳು. ಆಮೇಲೆ 11, 12ರ ಎನ್‌ಸಿಇಆರ್‌ಟಿ. 'ಇದೆಲ್ಲ ಮಕ್ಕಳ ಪುಸ್ತಕ' ಅಂತ ಹಾರಿಸಬೇಡಿ. ದಪ್ಪ ಗೈಡ್‌ಗಳಿಂದ ಶುರು ಮಾಡಿದವರು ಎರಡೇ ತಿಂಗಳಲ್ಲಿ ಸುಸ್ತಾಗುವುದನ್ನು ಸ್ಟಡಿ ಹಾಲ್‌ನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಮುಂದಿನ ನಾಲ್ಕೈದು ತಿಂಗಳು ಕರ್ನಾಟಕಕ್ಕೇ ಇಡಿ. ಕದಂಬರಿಂದ 1956ರ ಏಕೀಕರಣದವರೆಗಿನ ಇತಿಹಾಸ, ನದಿ-ಮಣ್ಣು-ಬೆಳೆ, ರಾಜ್ಯದ ಆರ್ಥಿಕ ಸಮೀಕ್ಷೆ. ಈ ಸಮೀಕ್ಷೆಯನ್ನು ಸರ್ಕಾರ ಬಜೆಟ್ ಹೊತ್ತಿಗೆ ಪ್ರಕಟಿಸುತ್ತದೆ, ದುಡ್ಡಿಲ್ಲದೆ ಸಿಗುತ್ತದೆ, ಆದರೂ ಅದನ್ನು ತೆರೆದು ನೋಡುವವರು ಕಡಿಮೆ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಗುರುತಿಸಿತ್ತಲ್ವಾ? ಅದನ್ನು ಸುಮ್ನೆ ಸಂಖ್ಯೆಯಾಗಿ ಬಾಯಿಪಾಠ ಮಾಡಿದರೆ ಪ್ರಿಲಿಮ್ಸ್‌ಗೆ ಎರಡು ಅಂಕ ಸಿಗಬಹುದು. ಅದನ್ನೇ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ, ಅಲ್ಲಿನ ಶಾಲೆ, ಆಸ್ಪತ್ರೆ, ನೀರಾವರಿ ಜೊತೆ ಸೇರಿಸಿ ಯೋಚಿಸಿದರೆ ಮೇನ್ಸ್‌ನ ಒಂದು ಪೂರ್ತಿ ಉತ್ತರ ಆಗುತ್ತದೆ, ಪ್ರಬಂಧಕ್ಕೂ ಬರುತ್ತದೆ. ಒಂದೇ ಓದು ಎರಡೂ ಕಡೆ ಕೆಲಸಕ್ಕೆ ಬರುವ ಹಾಗೆ ಮೊದಲಿಂದಲೇ ನೋಟ್ಸ್ ಮಾಡಿ.

ಕೆಎಎಸ್ ಮೇನ್ಸ್‌ನಲ್ಲಿ ಈಗ ಐಚ್ಛಿಕ ವಿಷಯ ಇಲ್ಲ. ಪ್ರಬಂಧ 250, ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆ ತಲಾ 250, ಒಟ್ಟು 1250. ಕನ್ನಡ, ಇಂಗ್ಲಿಷ್ ಪತ್ರಿಕೆಗಳಲ್ಲಿ ಪಾಸಾದರೆ ಸಾಕು. ಆದರೆ ಆ 'ಸಾಕು' ಅನ್ನುವುದನ್ನು ನಂಬಿ ಇಂಗ್ಲಿಷ್ ಮುಟ್ಟದೇ ಇರಬೇಡಿ. ಅದರಲ್ಲಿ ಫೇಲಾದರೆ ಉಳಿದ ಪತ್ರಿಕೆಗಳನ್ನು ಎಷ್ಟು ಚೆನ್ನಾಗಿ ಬರೆದಿದ್ದರೂ ಪ್ರಯೋಜನ ಇಲ್ಲ.

ಕೊನೆಯ ಮೂರ್ನಾಲ್ಕು ತಿಂಗಳು ಹಳೆಯ ಪ್ರಶ್ನೆಪತ್ರಿಕೆ, ರಿವಿಷನ್, ಕೈಯಲ್ಲಿ ಬರೆಯುವ ಅಭ್ಯಾಸ. ಹೊಸ ಪುಸ್ತಕ ಬೇಡವೇ ಬೇಡ. ಪ್ರಿಲಿಮ್ಸ್ ಪ್ರಶ್ನೆಗಳನ್ನು ಕನ್ನಡದಲ್ಲಿ ಓದುತ್ತೀರಾದರೆ ಇಂಗ್ಲಿಷ್ ಸಾಲಿನ ಮೇಲೂ ಒಮ್ಮೆ ಕಣ್ಣಾಡಿಸುವುದನ್ನು ರೂಢಿ ಮಾಡಿಕೊಳ್ಳಿ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ಇನ್ನು ಕೆಲಸ. ಈಗಲೇ ಬಿಡಬೇಡಿ. ಮೊದಲ ಎಂಟೊಂಬತ್ತು ತಿಂಗಳ ಓದನ್ನು ಬೆಳಿಗ್ಗೆ ಎರಡು ಗಂಟೆ, ರಾತ್ರಿ ಒಂದು ಗಂಟೆ, ಭಾನುವಾರ ಪೂರ್ತಿ ಅಂತ ಇಟ್ಟುಕೊಂಡರೂ ಮುಗಿಸಬಹುದು. ಬಿಡುವುದೇ ಆದರೆ ಪ್ರಿಲಿಮ್ಸ್ ದಿನಾಂಕ ಪಕ್ಕಾ ಆದ ಮೇಲೆ ಬಿಡಿ, ಅದೂ ಕೈಯಲ್ಲಿ ಒಂದು ವರ್ಷದ ಖರ್ಚಿಗೆ ದುಡ್ಡಿದ್ದರೆ. ನೋಟಿಫಿಕೇಶನ್ನೇ ಇಲ್ಲದಿರುವಾಗ ರಾಜೀನಾಮೆ ಕೊಟ್ಟು ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದಲ್ಲೋ ಪಿಜಿ ಹಿಡಿದರೆ, ಎರಡನೇ ವರ್ಷ ಮನೆಗೆ ಫೋನ್ ಮಾಡಿ ದುಡ್ಡು ಕೇಳುವುದೇ ಕಷ್ಟವಾಗುತ್ತದೆ. ಓದಿಗಿಂತ ಅದೇ ಜಾಸ್ತಿ ತಲೆ ತಿನ್ನುತ್ತದೆ. ಕೋಚಿಂಗ್ ಬೇಕೇ ಬೇಕು ಅನಿಸಿದರೆ, ಸಮಾಜ ಕಲ್ಯಾಣ ಇಲಾಖೆಯ ಉಚಿತ ತರಬೇತಿಗೆ ನೀವು ಅರ್ಹರಾ ಅಂತ ಮೊದಲು ನೋಡಿ, ಫೀಸ್ ಕಟ್ಟುವ ಮಾತು ಆಮೇಲೆ.

ಕಾಯುವ ಅವಧಿಯಲ್ಲಿ ಎಫ್‌ಡಿಎ, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಗ್ರಾಮ ಆಡಳಿತ ಅಧಿಕಾರಿ, ಯಾವ ಪರೀಕ್ಷೆ ಕರೆದರೂ ಅರ್ಜಿ ಹಾಕಿ. ನಿಮ್ಮ ಸಾಮಾನ್ಯ ಜ್ಞಾನದ ಓದು ಅಲ್ಲೆಲ್ಲ ನಡೆಯುತ್ತದೆ. 'ಸಣ್ಣ ಕೆಲಸಕ್ಕೆ ಸೇರಿದರೆ ಕೆಎಎಸ್ ಕನಸು ಸತ್ತಂಗೆ' ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತಿಂಗಳಿಗೆ ಸಂಬಳ ಬಂದರೆ ರಾತ್ರಿ ಓದುವಾಗ ತಲೆ ಹಗುರ ಇರುತ್ತದೆ. ಕಚೇರಿಯಲ್ಲಿ ಕಡತ ಹೇಗೆ ಓಡಾಡುತ್ತದೆ ಅಂತ ನೋಡಿದವರು ಆಡಳಿತದ ಪ್ರಶ್ನೆಗಳಿಗೆ ಬರೆಯುವ ಉತ್ತರವೂ ಬೇರೆ ಥರ ಇರುತ್ತದೆ.

ನಿಮ್ಮ ವಯಸ್ಸು, ಪ್ರವರ್ಗ ಹೇಳಿಲ್ಲ. ಯುಪಿಎಸ್‌ಸಿಯಲ್ಲಿ ಸಾಮಾನ್ಯ ವರ್ಗಕ್ಕೆ 32 ವರ್ಷ, ಆರು ಅವಕಾಶ ಅಂತ ಮಿತಿ ಇದೆ. ಐಚ್ಛಿಕ ವಿಷಯಕ್ಕೆ ಬೇರೆ 500 ಅಂಕ. ವಯಸ್ಸು ತಿಳಿಸಿದರೆ ಯುಪಿಎಸ್‌ಸಿ ಪರೀಕ್ಷೆಯನ್ನೂ ಜೊತೆಗೆ ಬರೆಯಬಹುದಾ, ಕೆಎಎಸ್ ಒಂದಕ್ಕೇ ನಿಲ್ಲಬೇಕಾ ಅಂತ ಹೇಳುತ್ತೇನೆ.