ಮಾಸಿದ ಫೈಬರ್ ದೋಣಿಗೆ ಪೇಂಟ್ ಹೊಡೆಸುವ ಮೊದಲು

ನೀವು ಕೇಳಿದ್ದು ಇಷ್ಟು: ಹದಿನಾರು ಅಡಿಯ ಹಳೆ ಫೈಬರ್ ದೋಣಿ ಕೊಂಡಿದ್ದೀರಿ. ಮೂಲ ಬಣ್ಣ ನೀಲಿ, ಈಗ ಬೂದಿ ಬಳಿದ ಹಾಗೆ ಬಿಳಿಚಿಕೊಂಡಿದೆ. ಕೈ ಸವರಿದರೆ ಪುಡಿ ಹತ್ತುತ್ತದೆ. ತೆಂಗಿನೆಣ್ಣೆ ಒರೆಸಿದರೆ ಒಂದು ದಿನ ಹೊಳೆಯುತ್ತದೆ, ಮರುದಿನ ಮತ್ತೆ ಅದೇ ಕತೆ. ಇಲ್ಲಿ ಹೆಚ್ಚಿನವರು ಪೇಂಟ್ ಹೊಡೆಸಿ ಅಂದಿದ್ದಾರೆ. ನನ್ನ ಮಾತು ಕೇಳುವುದಾದರೆ, ಈಗಲೇ ಬೇಡ. ಆ ನೀಲಿ ಎಲ್ಲಿಗೂ ಹೋಗಿಲ್ಲ, ಪುಡಿಯ ಕೆಳಗೇ ಇದೆ. ಒಮ್ಮೆ ಪೇಂಟ್ ಹೊಡೆದರೆ ಎರಡು ಮೂರು ವರ್ಷಕ್ಕೊಮ್ಮೆ ಹೊಡೆಯುತ್ತಲೇ ಇರಬೇಕಾದೀತು.

ಉಡುಪಿ ಕಡೆಯ ಕೋಡಿ ಬೆಂಗ್ರೆಯಲ್ಲಿ ನನ್ನ ಹದಿನೆಂಟು ಅಡಿಯ ದೋಣಿಗೆ ಈ ಕೆಲಸ ನಾನೇ ಮಾಡಿದ್ದೇನೆ. ಕಡು ಕೆಂಪು ಬಣ್ಣದ್ದು, ಬಿಸಿಲು ತಿಂದು ಗುಲಾಬಿ ಆಗಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಫೈಬರ್ ದೋಣಿಯ ಹೊರಗಿನ ಬಣ್ಣದ ಪದರಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ಅದು ಪೇಂಟ್ ಅಲ್ಲ. ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್, ಅಂದರೆ ಗಟ್ಟಿ ಕಟ್ಟುವ ಒಂದು ಅಂಟು. ಅಚ್ಚಿಗೆ ಮೊದಲು ಅದನ್ನು ಬಳಿದು, ಅದರ ಮೇಲೆ ಫೈಬರ್ ಮ್ಯಾಟ್ (ಗಾಜಿನ ನೂಲಿನ ಹಾಸು) ಹಾಕುತ್ತಾ ಹೋಗುತ್ತಾರೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಮೇಲ್ಮೈಯ ರೆಸಿನ್ ಅನ್ನು ಮುರಿಯುತ್ತದೆ. ಆಗ ಬಣ್ಣದ ಕಣಗಳಿಗೆ ಹಿಡಿತ ತಪ್ಪಿ, ಸುಣ್ಣದ ಪುಡಿಯ ಹಾಗೆ ಸಡಿಲ ಆಗುತ್ತವೆ. ಮೈ ತುಂಬ ಸಣ್ಣ ತೂತು ಬೀಳುತ್ತದೆ, ಬೆಳಕು ಚೆದರುತ್ತದೆ, ಅದಕ್ಕೇ ಬಿಳಿಚಿದ ಹಾಗೆ ಕಾಣುತ್ತದೆ. ಎಣ್ಣೆ ಹಾಕಿದಾಗ ಆ ತೂತು ತುಂಬುತ್ತದೆ, ಒಂದು ದಿನ ಹೊಳಪು ಬಂದ ಹಾಗೆ ಅನಿಸುತ್ತದೆ. ಎಣ್ಣೆ ಹೋದ ಮೇಲೆ ಧೂಳು ಮಾತ್ರ ಜಾಸ್ತಿ ಅಂಟುತ್ತದೆ. ಅದನ್ನು ಇವತ್ತಿನಿಂದಲೇ ನಿಲ್ಲಿಸಿ.

ಒಂದು ಲೆಕ್ಕ ಮಾತ್ರ ತಲೆಯಲ್ಲಿ ಇಟ್ಟುಕೊಳ್ಳಿ. ಜೆಲ್‌ಕೋಟ್ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ನಿಮ್ಮ ಎಟಿಎಂ ಕಾರ್ಡ್ ಅದಕ್ಕಿಂತ ದಪ್ಪ. ನೀವು ಉಜ್ಜುವುದೆಲ್ಲ ಈ ಅರ್ಧ ಮಿಲಿಮೀಟರ್‌ನೊಳಗೇ. ತೆಗೆದದ್ದು ವಾಪಸ್ ಬರುವುದಿಲ್ಲ. ಹಾಗಾಗಿ ಎಷ್ಟು ಕಡಿಮೆ ಉಜ್ಜಿ ಕೆಲಸ ಮುಗಿಯುತ್ತದೋ ಅಷ್ಟು ಒಳ್ಳೆಯದು.

ಮೊದಲು ಎರಡು ಪರೀಕ್ಷೆ ಮಾಡಿ. ದೋಣಿಯನ್ನು ಚೆನ್ನಾಗಿ ತೊಳೆದು ಒಣಗಿಸಿ. ಒಂದು ಅಂಗೈ ಅಗಲದ ಜಾಗಕ್ಕೆ ಒದ್ದೆ ಬಟ್ಟೆ ಒರೆಸಿ. ಒದ್ದೆ ಇರುವಷ್ಟು ಹೊತ್ತು ಗಟ್ಟಿ ನೀಲಿ ಕಂಡರೆ ಬಣ್ಣ ಕೆಳಗೆ ಇದೆ ಅಂತ ಅರ್ಥ. ಒದ್ದೆಯಲ್ಲೂ ಮಸುಕು ಮಸುಕಾಗಿದ್ದರೆ, ಅಥವಾ ಫೈಬರ್ ನೂಲಿನ ನೇಯ್ಗೆ ಕಾಣುತ್ತಿದ್ದರೆ, ಜೆಲ್‌ಕೋಟ್ ಸವೆದು ಹೋಗಿದೆ. ಆಗ ಪೇಂಟ್ ಬಿಟ್ಟು ದಾರಿ ಇಲ್ಲ.

ಎರಡನೆಯದು ನಮ್ಮ ಕಡೆ ತುಂಬ ಮುಖ್ಯ. ಹಳೆ ಮಾಲೀಕರು ಮೇಲಿಂದ ಎನಾಮೆಲ್ ಪೇಂಟ್ ಹೊಡೆಸಿರಬಹುದು. ಪುಡಿ ಎಲ್ಲ ತೊಳೆದು ತೆಗೆದ ಮೇಲೆ, ಮೂಲೆಯಲ್ಲಿ ಒಂದು ಕಡೆ ಥಿನ್ನರ್ ಅದ್ದಿದ ಬಟ್ಟೆಯಿಂದ ಉಜ್ಜಿ. ಮೈ ಮೆತ್ತಗಾಗಿ ಅಂಟಂಟಾದರೆ, ಬಣ್ಣ ದಪ್ಪವಾಗಿ ಬಟ್ಟೆಗೆ ಬಂದರೆ ಅದು ಪೇಂಟ್. ಜೆಲ್‌ಕೋಟ್ ಹಾಗೆ ಕರಗುವುದಿಲ್ಲ. ಪೇಂಟ್ ಆಗಿದ್ದರೆ ನಾನು ಮುಂದೆ ಬರೆಯುವುದು ಯಾವುದೂ ನಿಮಗೆ ಲಾಗೂ ಆಗುವುದಿಲ್ಲ. ಇದನ್ನು ನೋಡದೆ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್) ತಂದು ದುಡ್ಡು ಹಾಳು ಮಾಡಬೇಡಿ.

ತೊಳೆಯುವಾಗ ಎರಡು ಮಾತು. ನೀರಿನ ಗೆರೆಯ ಹತ್ತಿರ ಇರುವ ಹಳದಿ ಕಂದು ಕಲೆ, ಬೋಲ್ಟ್ ಕೆಳಗೆ ಇಳಿದ ತುಕ್ಕಿನ ಕಲೆ ಉಜ್ಜಿದರೆ ಹೋಗುವುದಿಲ್ಲ. ಅದಕ್ಕೆ ಆಕ್ಸಾಲಿಕ್ ಆಸಿಡ್ ಪುಡಿ ಬೇಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರಿಗೆ ಕಲಸಿ, ಬ್ರಶ್‌ನಿಂದ ಹಚ್ಚಿ, ಕೆಲವು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಗ್ಲೌಸ್, ಕನ್ನಡಕ ಬೇಕೇ ಬೇಕು, ಅದು ವಿಷ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಬ್ಲೀಚಿಂಗ್ ಪುಡಿಯ ಜೊತೆ ಯಾವ ಆಸಿಡ್ಡನ್ನೂ ಸೇರಿಸಬಾರದು, ಕ್ಲೋರಿನ್ ಗ್ಯಾಸ್ ಏಳುತ್ತದೆ. ಅಂಟಿಕೊಂಡ ಚಿಪ್ಪು ಕೀಳಲು ಪ್ಲಾಸ್ಟಿಕ್ ಪಟ್ಟಿ ಸಾಕು, ಕಬ್ಬಿಣದ ಉಳಿ ಜೆಲ್‌ಕೋಟ್ ಕಿತ್ತು ತರುತ್ತದೆ. ಅಡಿಭಾಗಕ್ಕೆ ಚಿಪ್ಪು ಹಿಡಿಯದ ಪೇಂಟ್ ಹಾಕಿದ್ದರೆ ಅದನ್ನು ಮುಟ್ಟಬೇಡಿ. ಅದರ ಧೂಳು ಒಳ್ಳೆಯದಲ್ಲ, ಅಲ್ಲಿ ಪಾಲಿಶ್ ಹೊಡೆದು ಉಪಯೋಗವೂ ಇಲ್ಲ.

ಈಗ ಉಜ್ಜುವ ಕೆಲಸ. ಇಲ್ಲೇ ಎಲ್ಲರೂ ಅವಸರ ಮಾಡುವುದು.

ಕಂಡವರ ಮಾತು ಕೇಳಿ ನೇರ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪು ಕಾಗದ, ಹಿಡಿಯಬೇಡಿ. ಮೊದಲು ಒಂದು ಚದರ ಅಡಿಗೆ ಬರೇ ರಬ್ಬಿಂಗ್ ಕಾಂಪೌಂಡ್ ಹಾಕಿ ನೋಡಿ. ಕಾರಿನ ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಸಿಲಿಕೋನ್ ಇಲ್ಲದ್ದು ಕೇಳಿ ತನ್ನಿ, ಯಾಕೆಂದರೆ ಸಿಲಿಕೋನ್ ಕೂತ ಜಾಗದಲ್ಲಿ ಮುಂದೆ ಪೇಂಟ್ ಆಗಲಿ ಜೆಲ್‌ಕೋಟ್ ಆಗಲಿ ಸರಿ ಹಿಡಿಯುವುದಿಲ್ಲ. ಕಾಂಪೌಂಡ್‌ಗೇ ಹೊಳಪು ಬಂದರೆ ಪೇಪರ್ ಬೇಡವೇ ಬೇಡ. ಬರಲಿಲ್ಲ ಅಂದರೆ ಮಾತ್ರ ಪೇಪರ್. ಅದೂ 1000 ನಂಬರಿನಿಂದ ಶುರು, ನಂಬರ್ ಹೆಚ್ಚಾದಷ್ಟು ಪೇಪರ್ ನಯ. ತೀರಾ ಹಾಳಾಗಿದ್ದರೆ ಮಾತ್ರ 800. ಆಮೇಲೆ 1500, ಕೊನೆಗೆ 2000.

ಪೇಪರನ್ನು ಹದಿನೈದು ನಿಮಿಷ ನೀರಲ್ಲಿ ನೆನೆಸಿ, ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಸಪಾಟು ಜಾಗದಲ್ಲಿ ರಬ್ಬರ್ ಬ್ಲಾಕ್‌ಗೆ ಸುತ್ತಿ ಉಜ್ಜಿ. ಬೆರಳಿನಿಂದ ಒತ್ತಿದರೆ ಬೆರಳಿನ ಅಗಲಕ್ಕೆ ತಗ್ಗು ಬೀಳುತ್ತದೆ, ಬಿಸಿಲಲ್ಲಿ ಅಲೆ ಅಲೆಯಾಗಿ ಕಾಣುತ್ತದೆ. ಉಜ್ಜುವ ಮೊದಲು ಪೆನ್ಸಿಲ್‌ನಿಂದ ಹಗುರವಾಗಿ ಗೀಚಿಕೊಳ್ಳಿ. ಗೀಚು ಪೂರ್ತಿ ಹೋದರೆ ಆ ಜಾಗ ಒಂದೇ ಸಮ ಆಗಿದೆ ಅಂತ ಗೊತ್ತಾಗುತ್ತದೆ. 1000 ಉದ್ದಕ್ಕೆ ಉಜ್ಜಿದರೆ 1500 ಅಡ್ಡಕ್ಕೆ ಉಜ್ಜಿ. ಹಿಂದಿನ ಪೇಪರಿನ ಗೆರೆ ಉಳಿದಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪೇಪರ್ ಬದಲಿಸುವಾಗ ಮೈಯನ್ನೂ ಬಕೆಟ್ಟನ್ನೂ ತೊಳೆಯಿರಿ. ಹಳೆಯ ಒಂದು ದಪ್ಪ ಕಣ ಉಳಿದರೆ ಸಾಕು, ಹೊಸ ಗೀರು ಬೀಳುತ್ತದೆ.

ಇಳಿಯುವ ನೀರನ್ನು ನೋಡುತ್ತಿರಿ. ನನ್ನ ದೋಣಿಯಲ್ಲಿ ಮೊದಮೊದಲು ಹಾಲಿಗೆ ಕುಂಕುಮ ಕದಡಿದ ಹಾಗಿನ ಗುಲಾಬಿ ನೀರು ಮರಳಿಗೆ ಇಳಿಯಿತು. ಸತ್ತ ಪುಡಿ ಅದು. ಸ್ವಲ್ಪ ಹೊತ್ತಿಗೆ ನೀರಿನ ಬಣ್ಣ ಗಟ್ಟಿ ಕೆಂಪಾಯಿತು. ಅಂದರೆ ಪೇಪರ್ ಒಳ್ಳೆ ಜೆಲ್‌ಕೋಟ್ ಮುಟ್ಟಿದೆ. ಅಲ್ಲಿಗೆ ನಿಲ್ಲಿಸಬೇಕು. ನಿಮ್ಮದು ನೀಲಿ, ತಿಳಿ ನೀಲಿ ಹಾಲಿನಿಂದ ಗಟ್ಟಿ ನೀಲಿಗೆ ತಿರುಗುವಾಗ ಕೈ ನಿಲ್ಲಿಸಿ.

ಹಳೆ ನಂಬರ್ ಸ್ಟಿಕ್ಕರ್ ಕಿತ್ತ ಜಾಗ ನೋಡಿದ್ದೀರಾ? ಅಕ್ಷರದ ಆಕಾರಕ್ಕೆ ಸರಿಯಾಗಿ ಬಣ್ಣ ಗಾಢವಾಗಿ ಇರುತ್ತದೆ, ಅಲ್ಲಿ ಬಿಸಿಲು ಬಿದ್ದೇ ಇಲ್ಲವಲ್ಲ. ಆ ಅಚ್ಚು ಪೂರ್ತಿ ಅಳಿಸಲು ಹೋಗಬೇಡಿ. ಅದನ್ನು ಸುತ್ತಲಿನ ಬಣ್ಣಕ್ಕೆ ಅಳತೆಗೋಲು ಅಂತ ಇಟ್ಟುಕೊಳ್ಳಿ. ಸುತ್ತಲ ಬಣ್ಣ ಅದರ ಹತ್ತಿರ ಬಂದರೆ ಸಾಕು. ಈಗಿನ ರಿಜಿಸ್ಟ್ರೇಶನ್ ನಂಬರ್ ಮಾತ್ರ ಅಳಿಸಿ ಹೋಗದ ಹಾಗೆ ನೋಡಿಕೊಳ್ಳಿ, ಹೋದರೆ ಮತ್ತೆ ಬರೆಸಿಯೇ ನೀರಿಗಿಳಿಸಿ.

ಮಶಿನ್ ವಿಷಯ. ದಯವಿಟ್ಟು ನಾಲ್ಕು ಇಂಚಿನ ಗ್ರೈಂಡರ್‌ಗೆ ಉಣ್ಣೆ ಪ್ಯಾಡ್ ಸಿಕ್ಕಿಸಿ ಹೊಡೆಯಬೇಡಿ. ಅದು ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತದೆ. ಇಲ್ಲಿ ಬೇಕಾದದ್ದು 1000ದಿಂದ 1500. ಸ್ಪೀಡ್ ಬದಲಿಸಬಹುದಾದ ಪಾಲಿಶಿಂಗ್ ಮಶಿನ್ ಬಾಡಿಗೆಗೆ ತನ್ನಿ, ಅಥವಾ ಕಾರು ಪಾಲಿಶ್ ಮಾಡುವವರಲ್ಲಿ ಎರಡು ದಿನಕ್ಕೆ ಕೇಳಿ. ನಾನು ಮೂತಿಯ ಅಂಚಿನ ಹತ್ತಿರ ಒಂದೇ ಕಡೆ ಮಶಿನ್ ಜಾಸ್ತಿ ಹೊತ್ತು ನಿಲ್ಲಿಸಿಬಿಟ್ಟೆ. ಐದಾರು ಸೆಕೆಂಡ್ ಇರಬಹುದು. ಸುಟ್ಟ ವಾಸನೆ ಬಂತು, ತೆಗೆದು ನೋಡಿದರೆ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೆಂಪು ಹೋಗಿ ಒಳಗಿನ ಮ್ಯಾಟ್ ಇಣುಕುತ್ತಿತ್ತು. ಅಂಚು, ಮೂಲೆಯಲ್ಲಿ ಜೆಲ್‌ಕೋಟ್ ಮೊದಲೇ ತೆಳು, ಒತ್ತಡವೂ ಅಲ್ಲೇ ಜಾಸ್ತಿ ಬೀಳುತ್ತದೆ. ಅದಕ್ಕೆ ಅಂಚಿಗೆಲ್ಲ ಮಾಸ್ಕಿಂಗ್ ಟೇಪ್ ಹಚ್ಚಿ, ಅಲ್ಲಿ ಕೊನೆಗೆ ಕೈಯಿಂದಲೇ ಉಜ್ಜಿ.

ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಮ್ಮೆಗೆ ಅಷ್ಟೇ. ಕಾಂಪೌಂಡನ್ನು ನಾಲ್ಕೈದು ಬೊಟ್ಟು ಇಟ್ಟು, ಮಶಿನ್ ಶುರು ಮಾಡುವ ಮೊದಲೇ ಪ್ಯಾಡ್‌ನಿಂದ ಹರಡಿ. ಇಲ್ಲದಿದ್ದರೆ ನಿಮ್ಮ ಮುಖಕ್ಕೇ ಸಿಡಿಯುತ್ತದೆ. ಪ್ಯಾಡ್ ಸಪಾಟಾಗಿ ಕೂರಲಿ, ಕೈ ನಿಲ್ಲದೆ ಚಲಿಸುತ್ತಿರಲಿ. ಆಗಾಗ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಬಿಟ್ಟು ಪಕ್ಕಕ್ಕೆ ಹೋಗಿ. ಉಣ್ಣೆಯಲ್ಲಿ ಕಾಂಪೌಂಡ್ ಗಟ್ಟಿ ಕಟ್ಟಿದರೆ ಹಳೆ ಹಲ್ಲುಜ್ಜುವ ಬ್ರಶ್‌ನಿಂದ ಬಿಡಿಸಿ. ನೇರ ಬಿಸಿಲಲ್ಲಿ ಮಾಡಲೇಬೇಡಿ, ಹಚ್ಚಿದ್ದು ಹಚ್ಚಿದಲ್ಲೇ ಒಣಗಿ ಕಚ್ಚಿಕೊಳ್ಳುತ್ತದೆ. ಮತ್ತೆ, ನೀರಿನ ಕೆಲಸ ಮುಗಿದು ನೆಲ ಒಣಗಿದ ಮೇಲೆಯೇ ಮಶಿನ್ ಪ್ಲಗ್ ಹಾಕಿ. ವೈರ್ ಹೆಗಲ ಮೇಲಿಂದ ಹಿಂದಕ್ಕೆ ಇರಲಿ. ಮಾಸ್ಕ್, ಕನ್ನಡಕ ಮರೆಯಬೇಡಿ.

ಕಾಂಪೌಂಡ್ ಆದ ಕೂಡಲೇ ಕಾಣುವ ಹೊಳಪನ್ನು ನಂಬಬೇಡಿ. ಅದರಲ್ಲಿರುವ ಎಣ್ಣೆ ಗೀರುಗಳನ್ನು ಮುಚ್ಚಿರುತ್ತದೆ. ಒಂದು ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಬೇಗ ಒರೆಸಿ, ಓರೆಯಿಂದ ನೋಡಿ. ಸುರುಳಿ ಸುರುಳಿ ಗೆರೆ ಕಂಡರೆ ಅದೇ ಜಾಗಕ್ಕೆ ಇನ್ನೊಂದು ಸಲ. ಹತ್ತಿರ ಬೆಂಕಿ, ಬೀಡಿ ಸಿಗರೇಟು ಬೇಡ. ಎಲ್ಲ ಆದ ಮೇಲೆ ಫೋಮ್ ಪ್ಯಾಡ್ ಹಾಕಿ ನಯವಾದ ಪಾಲಿಶ್. ಸಂಜೆ ಟ್ಯೂಬ್‌ಲೈಟ್ ಹಿಡಿದು ನೋಡಿದಾಗ ಬೆಳಕಿನ ಪಟ್ಟಿ ಅಂಚು ಒಡೆಯದೆ ನೇರವಾಗಿ ಮೈಯಲ್ಲಿ ಕಂಡರೆ ಮುಗಿಯಿತು. ನನಗೆ ಎರಡೂ ಬದಿಗೆ ಹದಿನೆಂಟು ತುಂಡು ಆಯಿತು, ನಾಲ್ಕು ದಿನ ಹಿಡಿಯಿತು. ಕೊನೆಯ ದಿನ ಆ ಕೆಂಪಿನಲ್ಲಿ ತೆಂಗಿನ ಗರಿಯ ನೆರಳು ಕಂಡಾಗ ಆದ ಖುಷಿ ಇನ್ನೂ ನೆನಪಿದೆ.

ವ್ಯಾಕ್ಸ್ ಹಾಕದಿದ್ದರೆ ಇಷ್ಟೂ ಕೆಲಸ ನೀರಿಗೆ ಹೋಯಿತು ಅಂತಲೇ ತಿಳಿಯಿರಿ. ಈಗ ಮೈ ಬೆತ್ತಲೆ ಇದೆ, ಬಿಸಿಲು ಮೊದಲಿಗಿಂತ ಬೇಗ ಹಿಡಿಯುತ್ತದೆ. ಕಾರ್ನೂಬಾ ವ್ಯಾಕ್ಸ್ ಒಳ್ಳೆಯದು. ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ ಅದು. ತೆಳುವಾಗಿ ಹಚ್ಚಿ, ಮಸುಕಾಗುವ ತನಕ ಬಿಡಿ. ಬೆರಳು ಎಳೆದರೆ ಜಿಡ್ಡಾಗದೆ ಸ್ವಚ್ಛ ಗೆರೆ ಬಂದಾಗ ಮೆತ್ತನೆ ಬಟ್ಟೆಯಿಂದ ಒರೆಸಿ. ಎರಡು ಕೋಟ್ ಹಾಕಿ. ನಿಲ್ಲುವ, ನಡೆಯುವ ಜಾಗಕ್ಕೆ ಮಾತ್ರ ವ್ಯಾಕ್ಸ್ ಬೇಡ, ಒದ್ದೆಯಾದಾಗ ಕಾಲು ಜಾರುತ್ತದೆ. ಅಲ್ಲಿ ಸೋಪು, ಬ್ರಶ್ ಸಾಕು.

ಯಾವಾಗ ಮಾಡುವುದು? ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ದೋಣಿ ಹೇಗೂ ಮೇಲೆ ಇರುತ್ತದೆ, ಆಗ ಮಾಡೋಣ ಅಂತ ಹಲವರು ಅನ್ನುತ್ತಾರೆ. ಗಟ್ಟಿ ಮಾಡಿನ ಶೆಡ್ ಇದ್ದರೆ ಉಜ್ಜುವ ಕೆಲಸ ಆಗಬಹುದು. ವ್ಯಾಕ್ಸ್‌ಗೆ ಒಣ ಮೈ ಬೇಕು, ಆ ತೇವದಲ್ಲಿ ಕಷ್ಟ. ನನ್ನ ಪ್ರಕಾರ ಡಿಸೆಂಬರ್, ಜನವರಿ ಬೆಳಗಿನ ಹೊತ್ತು ಚೆಂದ. ಆಮೇಲೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ವ್ಯಾಕ್ಸ್ ಹಾಕುತ್ತಾ ಬನ್ನಿ. ಉಪ್ಪು ನೀರಿನಿಂದ ಬಂದ ದಿನ ಸಿಹಿನೀರಿನಲ್ಲಿ ತೊಳೆಯಿರಿ. ಬಟ್ಟೆ ಸೋಪಿನ ಪುಡಿ ಬೇಡ, ವ್ಯಾಕ್ಸ್ ಎದ್ದು ಹೋಗುತ್ತದೆ. ಟಾರ್ಪಾಲು ಹೊದಿಸುವಾಗ ಮೈಗೆ ತಾಗದ ಹಾಗೆ ಗಳ ಕಟ್ಟಿ ಎತ್ತರಿಸಿ. ತಾಗಿದರೆ ಗಾಳಿಗೆ ಉಜ್ಜಿ ಉಜ್ಜಿ ಮಸುಕಾಗುತ್ತದೆ, ಒಳಗೆ ನೀರಿನ ಪಸೆಯೂ ನಿಲ್ಲುತ್ತದೆ.

ನಾಳೆ ಬೆಳಿಗ್ಗೆ ಒದ್ದೆ ಬಟ್ಟೆಯ ಪರೀಕ್ಷೆ, ಥಿನ್ನರ್ ಪರೀಕ್ಷೆ ಎರಡೂ ಮಾಡಿ, ಫೋಟೋ ಇಲ್ಲಿ ಹಾಕಿ ಮಾರಾಯ್ರೆ. ಒದ್ದೆ ಇದ್ದಾಗಿನದು ಒಂದು, ಒಣಗಿದ ಮೇಲಿನದು ಒಂದು. ಮೂತಿಯ ಅಂಚಿನದೂ ಹತ್ತಿರದಿಂದ ಒಂದು ಬೇಕು. ಅದನ್ನು ನೋಡಿದರೆ ಬರೇ ಕಾಂಪೌಂಡ್ ಸಾಕೋ, ಪೇಪರ್ ಬೇಕೋ ಅಂತ ಹೇಳಬಹುದು. ಅಲ್ಲಿವರೆಗೆ ಪೇಂಟರ್‌ಗೆ ಅಡ್ವಾನ್ಸ್ ಕೊಡಬೇಡಿ.