ಪುಡಿ ಖನಿಜಕ್ಕೆ ಟ್ಯಾಂಕರ್‌ನಂಥ ವ್ಯಾಗನ್ ಏಕೆ? ಟಾರ್ಪಾಲ್ ಹೊದಿಸಿದರೆ ಸಾಲದೇ?

ಕಬ್ಬಿಣದ ಅದಿರು ತೆರೆದ ವ್ಯಾಗನ್‌ನಲ್ಲೇ ಹೋಗುತ್ತದೆ, ಅಲ್ಯುಮಿನಾ (ಅಲ್ಯುಮಿನಿಯಂ ತಯಾರಿಸುವ ಬಿಳಿ ಪುಡಿ), ಸುಣ್ಣದಂಥ ಪುಡಿಗಳಿಗೆ ಮಾತ್ರ ಮುಚ್ಚಿದ ಟ್ಯಾಂಕ್ ಏಕೆ ಎಂದು ಕೇಳಿದ್ದೀರಿ. ಪುಡಿ ಸರಕು ಇಳಿಸುವ ಕಡೆ ಕೆಲಸ ಮಾಡಿದವನು ನಾನು. ಟಾರ್ಪಾಲ್‌ನಿಂದ ಬಗೆಹರಿಯುವುದು ಸಣ್ಣ ತೊಂದರೆ. ದೊಡ್ಡದು ಶುರುವಾಗುವುದೇ ಇಳಿಸುವಾಗ.

ತುಂಬುವಾಗ ಪುಡಿ ಸಲೀಸಾಗಿ ಹರಿಯುತ್ತದೆ, ಕಣಗಳ ನಡುವೆ ಗಾಳಿ ಇರುತ್ತದಲ್ಲ. ಗಾಡಿ ಹೊರಟ ಮೇಲೆ ಅದುರಿ ಅದುರಿ ಆ ಗಾಳಿ ಹೊರಬಂದು ಸರಕು ಗಟ್ಟಿಯಾಗಿ ಕೂತುಬಿಡುತ್ತದೆ. ತಲುಪಿದಲ್ಲಿ ಹಾಪರ್‌ನ (ತಳದಿಂದ ಸರಕು ಸುರಿಯುವ ವ್ಯಾಗನ್‌ನ) ಕೆಳಬಾಗಿಲು ತೆಗೆದರೆ ಒಂದಿಷ್ಟು ಸುರಿದು ನಿಂತೇ ಹೋಗುತ್ತದೆ. ಬಾಗಿಲ ಮೇಲೆ ಪುಡಿಯೇ ಕಮಾನು ಕಟ್ಟಿಕೊಂಡಿರುತ್ತದೆ, ಇಲ್ಲವೇ ನಡುವಿನದಷ್ಟೇ ಬಿದ್ದು ಉಳಿದದ್ದು ಗೋಡೆಗೆ ಅಂಟಿರುತ್ತದೆ. ಹಳೆಯ ಹಾಪರ್ ಕಂಡರೆ ಬಾಗಿಲ ಹತ್ತಿರದ ತಗಡನ್ನು ಗಮನಿಸಿ, ಒತ್ತೊತ್ತಾಗಿ ನೆಗ್ಗಿರುತ್ತದೆ. ಸರಕು ಬೀಳಲೆಂದು ಸುತ್ತಿಗೆಯಿಂದ ಬಡಿದ ಗುರುತು ಅದು. ನೆಗ್ಗಿದ ಜಾಗದಲ್ಲಿ ಮುಂದಿನ ಸಲ ಪುಡಿ ಇನ್ನೂ ಹೆಚ್ಚು ಹಿಡಿಯುತ್ತದೆ, ಮತ್ತೆ ಬಡಿಯಬೇಕಾಗುತ್ತದೆ. ಒಳಗಿಳಿದು ಕೆದಕಲು ಮಾತ್ರ ಯಾರನ್ನೂ ಕಳಿಸಬಾರದು. ಕಮಾನು ಕುಸಿದರೆ ಮನುಷ್ಯ ಹೂತುಹೋಗುತ್ತಾನೆ.

ಪುಡಿ ಸಾಗಿಸುವ ಟ್ಯಾಂಕ್ ವ್ಯಾಗನ್ ಹುಟ್ಟಿದ್ದೇ ಇದಕ್ಕಾಗಿ. ಅದರ ತಳದ ಇಳಿಜಾರಿನಲ್ಲಿ ಗಾಳಿ ನುಸುಳಬಲ್ಲ ದಪ್ಪ ಬಟ್ಟೆ ಹಾಸಿರುತ್ತಾರೆ. ಕಂಪ್ರೆಸರ್‌ನಿಂದ ಬಂದ ಒಣಗಾಳಿ ಬಟ್ಟೆಯಡಿಯಿಂದ ಮೇಲೇರಿ ಕಣಕಣವನ್ನೂ ಬಿಡಿಸುತ್ತದೆ, ಗಟ್ಟಿಯಾಗಿದ್ದ ಪುಡಿ ದ್ರವದ ಹಾಗೆ ವರ್ತಿಸತೊಡಗುತ್ತದೆ. ಒತ್ತಡ ಏರಿದ ಮೇಲೆ ವಾಲ್ವ್ ತೆರೆದರೆ ಸರಕು ಹೋಸ್ ಹಿಡಿದು ನೇರ ಸೈಲೋ (ಪುಡಿ ಕೂಡಿಡುವ ಎತ್ತರದ ಕಣಜ) ಸೇರುತ್ತದೆ. ಹೋಸ್ ಮೇಲೆ ಕೈಯಿಟ್ಟರೆ ಪುಡಿ ಓಡುವುದು ತಿಳಿಯುತ್ತದೆ. ಖಾಲಿಯಾಗುತ್ತಿದ್ದಂತೆ ಗೇಜಿನ ಮುಳ್ಳು ಸರ್ರನೆ ಇಳಿಯುತ್ತದೆ. ಧೂಳು ಹೊರಗೆ ಬರುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಲಾಭ ಇದೇ. ಸಿಲಿಕಾ ಧೂಳು ಕುಡಿದು ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ವಾಸಿಯಾಗುವ ಮದ್ದಿಲ್ಲ.

ಟಾರ್ಪಾಲ್ ಪ್ರಯೋಗವೂ ಆಗಿದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಚೀನಾ ಜೇಡಿಯನ್ನು (ಕೇಯೋಲಿನ್ ಎಂಬ ಬಿಳಿ ಜೇಡಿಮಣ್ಣು) ಫಾಯ್ (Fowey) ಬಂದರಿಗೆ ಒಯ್ಯುತ್ತಿದ್ದದ್ದು ಟಾರ್ಪಾಲ್ ಹೊದಿಸಿದ ಸಣ್ಣ ತೆರೆದ ವ್ಯಾಗನ್‌ಗಳಲ್ಲಿ. ಚಪ್ಪಟೆ ಹೊದಿಕೆ ಜೋತುಬಿದ್ದು ಮಳೆನೀರು ನಿಲ್ಲುತ್ತಿತ್ತು. 1970ರ ದಶಕದಲ್ಲಿ ನಡುವೆ ಸರಳು ಕೊಟ್ಟು ಗುಡಾರದ ಆಕಾರ ಮಾಡಿದರು. ಕೊನೆಗೆ 1988ರಲ್ಲಿ ಅವುಗಳ ಜಾಗಕ್ಕೆ ಮೇಲ್ಮುಚ್ಚಳವಿರುವ ಹಾಪರ್‌ಗಳು ಬಂದವು. ಆ ಜೇಡಿಯಲ್ಲಿ ಸ್ವಲ್ಪ ತೇವ ಇರುತ್ತಿದ್ದರಿಂದ ಅಷ್ಟು ದಿನ ನಡೆಯಿತು. ಸುಟ್ಟ ಸುಣ್ಣಕ್ಕೆ ಇದು ಆಗುವ ಮಾತಲ್ಲ. ನೀರು ತಾಗಿದರೆ ಅದು ಕುದಿಯುವಷ್ಟು ಬಿಸಿಯಾಗಿ ಅರಳುತ್ತದೆ.

ಹಾಗೆಂದು ಎಲ್ಲ ಪುಡಿಗೂ ಟ್ಯಾಂಕ್ ಬೇಕಿಲ್ಲ. ನುಣ್ಣಗೆ ಅರೆದ ಅದಿರನ್ನು ತೇವ ಉಳಿಸಿ ತೆರೆದ ವ್ಯಾಗನ್‌ನಲ್ಲೇ ಕಳಿಸುತ್ತಾರೆ, ಚಳಿ ದೇಶಗಳಲ್ಲಿ ಮಾತ್ರ ಅದು ಹೆಪ್ಪುಗಟ್ಟುವ ಕಾಟ ಇದ್ದದ್ದೇ. ಕಾಗದದ ಕಾರ್ಖಾನೆಗಳಿಗೆ ಹೋಗುವ ಕೇಯೋಲಿನ್ ಎಷ್ಟೋ ಕಡೆ ನೀರಲ್ಲಿ ಕಲಸಿದ ಸ್ಲರಿಯಾಗಿಯೇ ಹೋಗುತ್ತದೆ.

ಟ್ಯಾಂಕ್ ವ್ಯಾಗನ್‌ಗೆ ಖರ್ಚು ಜಾಸ್ತಿ, ನಿಜ. ಭಾರತೀಯ ರೈಲ್ವೆಯ ಬಿಟಿಎಪಿ ಎಂಬ ಟ್ಯಾಂಕ್ ವ್ಯಾಗನ್ ರೂಪಿಸಿದ್ದೇ ಅಲ್ಯುಮಿನಾಕ್ಕೆ. ಹಿಂದಿರುಗುವಾಗ ಅಂಥ ವ್ಯಾಗನ್‌ಗೆ ಬೇರೆ ಸರಕು ತುಂಬುವಂತಿಲ್ಲ, ಖಾಲಿ ಓಡಬೇಕು. ಆದ್ದರಿಂದ ವರ್ಷವಿಡೀ ಒಂದೇ ಸರಕು ಒಂದೇ ದಾರಿಯಲ್ಲಿ ಹೋಗುವುದಿದ್ದು, ಇಳಿಸುವ ಕಡೆ ಕಂಪ್ರೆಸರ್, ಸೈಲೋ ಎರಡೂ ಇದ್ದರೆ ಮಾತ್ರ ಇದು ಗಿಟ್ಟುತ್ತದೆ.